ಹಿಂದಿನ ಸೀಟಿನ ಲೋಡು

ದಾಂಡೇಲಿಯಲ್ಲಿ ನನ್ನ ಗ್ಯಾರೇಜು ಮುಚ್ಚಿದ ದಿನ ಯಾರೂ ಹಾರ ಹಾಕಲಿಲ್ಲ, ಶಾಲು ಹೊದಿಸಲಿಲ್ಲ. ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದವನು ಏಳಲು ಹೋದರೆ ಮಂಡಿಗಳು ಒಪ್ಪಲಿಲ್ಲ. ಗಾಡಿಯ ಮಾಲೀಕರೇ ಬಗ್ಗಿ ನನ್ನ ಎರಡೂ ಕಾಲು ಹಿಡಿದು ಹೊರಗೆ ಎಳೆದರು. ಅಂಥ ದೊಡ್ಡ ಮನುಷ್ಯರು ನನ್ನ ಕಾಲು ಹಿಡಿದದ್ದು ಅದೇ ಮೊದಲು. ಅದನ್ನೇ ಬೀಳ್ಕೊಡುಗೆ ಎಂದು ತಿಳಿದು ಮನೆಗೆ ಬಂದೆ.

ಈಗ ಕೆಲವು ಹುಡುಗರು ಹುಡುಕಿಕೊಂಡು ಬರುತ್ತಾರೆ. ಹಳೆಯ ಕಾರುಗಳಿಗೆ ಒಳ್ಳೆಯ ಕಾಲ ಬಂದಿದೆಯಂತೆ. ಕ್ಲಾಸಿಕ್, ವಿಂಟೇಜ್ ಎಂದೆಲ್ಲ ಹೆಸರೂ ಬಂದಿವೆ. ನಾವು ಅವನ್ನು ಹಳೇ ಗಾಡಿ ಎನ್ನುತ್ತಿದ್ದೆವು. ಆಗ ಮಾಲೀಕರು 'ಹಳೇ ಗಾಡಿ ಐತ್ರಿ' ಎಂದು ತಲೆ ತಗ್ಗಿಸಿ ಹೇಳುತ್ತಿದ್ದರು, ಈಗ ಎದೆ ಉಬ್ಬಿಸಿ ಹೇಳುತ್ತಾರೆ. ಗಾಡಿಯಂತೂ ಅದೇ, ಎಣ್ಣೆ ಸೋರುವುದೂ ಅದೇ ಜಾಗದಿಂದ. "ಪರಸು ಕಾಕಾ, ಮಳೆಗಾಲಕ್ಕ ಗಾಡಿ ಹೆಂಗ ಇಡಬೇಕು, ಸ್ವಲ್ಪ ಹೇಳ್ರಿ" ಎಂದು ಈ ಹುಡುಗರು ನನ್ನ ಬಾಯಿಯ ಹತ್ತಿರ ಫೋನು ಹಿಡಿಯುತ್ತಾರೆ. ಹೇಳಿ ಹೇಳಿ ಸಾಕಾಗಿ ಬರೆದಿಡಲು ಕುಳಿತಿದ್ದೇನೆ. ಓದಿದ ಮೇಲಾದರೂ ಅವರು ಫೋನು ಕೆಳಗಿಟ್ಟು ನಟ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಂಡರೆ ನನ್ನ ಶ್ರಮ ಸಾರ್ಥಕ.

ನಮ್ಮ ಸೀಮೆಯಲ್ಲಿ ಹಳೇ ಗಾಡಿಯ ಕೆಲಸಕ್ಕೆ ಎರಡೇ ಕಾಲ: ಏರಿಸುವ ಕಾಲ, ಇಳಿಸುವ ಕಾಲ. ರೋಹಿಣಿ ಮಳೆಯ ಮೋಡ ಕಾಣಿಸಿದ ಕೂಡಲೇ ಗಾಡಿಯನ್ನು ಜಾಕ್ ಕೊಟ್ಟು ಎತ್ತಿ, ಅಡಿಗೆ ಸಾಗವಾನಿ ತುಂಡುಗಳನ್ನಿಟ್ಟು, ಗಾಲಿಗಳು ನೆಲಕ್ಕೆ ತಾಗದಂತೆ ನಿಲ್ಲಿಸಬೇಕು. ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಯ್ಯಬೇಕು. ಪ್ಲಗ್ ತೆಗೆದು ಒಂದೊಂದು ತೂತಿಗೂ ಒಂದು ಚಮಚ ಎಣ್ಣೆ ಬಿಡಬೇಕು. ಕ್ಲಚ್ ಪೆಡಲ್ಲು ಒತ್ತಿಹಿಡಿದು, ಸೀಟಿಗೂ ಅದಕ್ಕೂ ನಡುವೆ ಒಂದು ಕೋಲು ಸಿಗಿಸಬೇಕು. ಇಲ್ಲದಿದ್ದರೆ ಒಳಗಿನ ಪ್ಲೇಟು ತುಕ್ಕು ಹಿಡಿದು ಅಂಟಿಕೊಂಡು ನವರಾತ್ರಿಯಲ್ಲಿ ಮಾನ ಕಳೆಯುತ್ತದೆ. ಸೀಟಿನ ಕೆಳಗೆ ತೇವ ಹೀರಲು ಗಡಿಗೆಯಲ್ಲಿ ಸುಣ್ಣದ ಹರಳು, ಹುಳಕ್ಕೆ ಲಕ್ಕಿ ಸೊಪ್ಪು. ಆಮೇಲೆ ನಾಲ್ಕು ತಿಂಗಳು ಮಾಲೀಕರು ದಿನಾ ಬಂದು ಅದರ ಮುಖ ನೋಡಿ ಹೋಗಬೇಕು. ನವರಾತ್ರಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಇಳಿಸುವುದು. ಅಂದು ಗಾಡಿ ತನ್ನ ಎಂಜಿನ್ನಿನಿಂದಲೇ ಚಾಲೂ ಆಗಿ ನಿಂಬೆಹಣ್ಣು ಹಿಚುಕಿ ಮುಂದೆ ಹೋಗಬೇಕು. ಹೋದರೆ ಮಿಸ್ತ್ರಿಗೆ ಪೇಢೆ. ಹೋಗದಿದ್ದರೆ ವರ್ಷವಿಡೀ ಊರಿಗೆಲ್ಲ ಮಾತನಾಡಲು ವಿಷಯ.

ಸಾಗವಾನಿ ತುಂಡು ಎಂದೆನಲ್ಲ, ಒಮ್ಮೆ ಒಬ್ಬ ಮಾಲೀಕರ ಶೆಡ್ಡಿಗೆ ಅರಣ್ಯದವರು ಬಂದರು. ಮೇಲೆ ಅಜ್ಜನ ಕಾಲದ ಗಾಡಿ ಹೊಳೆಯುತ್ತ ನಿಂತಿತ್ತು. ಅದನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ನೆಲಕ್ಕೆ ಕೂತು ಅಡಿಯ ತುಂಡುಗಳನ್ನು ಮುಟ್ಟಿ, ಮೂಸಿ, ಎಲ್ಲಿಂದ ಬಂದವೆಂದು ಕೇಳಿದರು. ದಾಂಡೇಲಿಯಲ್ಲಿ ಕಾರಿಗಿಂತ ಅದರ ಕೆಳಗಿನ ಕಟ್ಟಿಗೆಗೆ ಮರ್ಯಾದೆ ಹೆಚ್ಚು.

ಈ ವಿದ್ಯೆ ನನಗೆ ಕಲಿಸಿದವರು ಖಾದರ್ ಉಸ್ತಾದರು. ಅವರಿಗೆ ಜಗತ್ತಿನಲ್ಲಿ ಇಬ್ಬರೇ ಶತ್ರುಗಳು: ಒಂದು ತುಕ್ಕು, ಇನ್ನೊಂದು ತುಕ್ಕಿನ ಬಗ್ಗೆ ತಮಗಿಂತ ಹೆಚ್ಚು ಮಾತನಾಡುವವರು. ಮಳೆಗಾಲಕ್ಕೆ ಮೊದಲು ಹಳೇ ಎಂಜಿನ್ ಆಯಿಲ್ಲಿನ ಡಬ್ಬಿ ಹಿಡಿದು ಗಾಡಿಯ ಅಡಿಗೆ ನುಗ್ಗಿದರೆ ಕಂಡದ್ದಕ್ಕೆಲ್ಲ ಬಳಿಯುತ್ತಿದ್ದರು. "ತೇಲ್ ಹಚ್ಚು ಬೇಟಾ. ತೇಲ್ ಜಾಸ್ತಿ ಆಗಿ ಕೆಟ್ಟ ಗಾಡಿ ನಾನು ನೋಡಿಲ್ಲ" ಎನ್ನುವರು. ಒಂದು ವರ್ಷ ಕಟ್ಟಿಗೆ ವ್ಯಾಪಾರಿಯೊಬ್ಬರ ಗಾಡಿಯ ಬ್ರೇಕಿನ ಒಳಗೂ ಬಳಿದರು. ಖಂಡೇಪೂಜೆಯ ದಿನ ಗಾಡಿ ಮೊದಲ ಸಲಕ್ಕೇ ಚಾಲೂ ಆಯಿತು, ನಿಂಬೆಹಣ್ಣು ಹಿಚುಕಿತು, ಎಲ್ಲರೂ ಕೈ ಮುಗಿದರು. ಮುಗಿದ ಕೈ ಇಳಿಸುವಷ್ಟರಲ್ಲಿ ಗಾಡಿ ಗೇಟು ದಾಟಿ, ರಸ್ತೆ ದಾಟಿ, ಎದುರಿಗೆ ಮನೆ ಕಟ್ಟುವವರು ಹಾಕಿದ್ದ ಮರಳಿನ ರಾಶಿಗೆ ಮೂಗು ತೂರಿಸಿ ನಿಂತಿತು. ವ್ಯಾಪಾರಿ ಬೆವರುತ್ತ ಇಳಿದರು. ಉಸ್ತಾದರು ಮಾತ್ರ ನಿಧಾನವಾಗಿ ಹೋಗಿ, ಬಗ್ಗಿ ಅಡಿ ನೋಡಿ, "ನೋಡ್ರಿ ಸಾಹೇಬ್, ಒಂದ್ ಕಡೀನೂ ತುಕ್ಕಿಲ್ಲ" ಎಂದರು.

ಇಷ್ಟೆಲ್ಲ ಶಾಸ್ತ್ರವನ್ನು ನೋಡಿ ನಗುತ್ತಿದ್ದವನು ನನ್ನ ಗೆಳೆಯ ಬಸ್ತ್ಯಾಂವ. ಜೋಯಿಡಾ ಕಡೆಯ ಸಿದ್ದಿ ಜನಾಂಗದವನು. ಹೆಂಡತಿ ಗದ್ದೆ ನೋಡಿಕೊಂಡರೆ ಇವನು ಒಬ್ಬ ಗುತ್ತಿಗೆದಾರರ ಹಳೆಯ ಜೀಪು ಓಡಿಸುತ್ತಿದ್ದ. ಆ ಜೀಪಿಗೆ ಎಡಬಾಗಿಲು ಇರಲಿಲ್ಲ, ಮೇಲಿನ ತಾಡಪತ್ರಿ ಹರಿದಿತ್ತು, ಕಾಲಿಡುವಲ್ಲಿ ತೂತು ಬಿದ್ದು ಕೆಳಗಿನ ರಸ್ತೆ ಓಡುವುದು ಕಾಣುತ್ತಿತ್ತು. ಮಳೆ ನೀರು ಮೇಲಿಂದ ಬಂದರೆ ಆ ತೂತಿನಿಂದ ಹೋಗುತ್ತದೆ, ಗಾಡಿಗೆ ಇನ್ನೇನು ಬೇಕು ಎಂಬುದು ಅವನ ವಾದ. ನಾನು ಕೋಲು ಸಿಗಿಸುವುದು, ಸುಣ್ಣ ಇಡುವುದು ನೋಡಿ ಹೇಳುತ್ತಿದ್ದ: "ಪರಸೂ, ನೀ ಗಾಡೀನ ಬಾಣಂತಿ ಮಾಡಿ ಇಡ್ತಿ ನೋಡು. ಹೊರಗ ಬಿಡು, ಗಾಳಿ ಬಡೀಲಿ."

ಒಮ್ಮೆ ಅವನ ಜೀಪಿನ ಹಿಂದಿನ ಪಾಟಾ ಬದಲಿಸಿದೆ. ಪಾಟಾ ಎಂದರೆ ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಮಾನು. ಹಾಕಿದ ಮೇಲೆ ಹಿಂದೆ ಭಾರ ಹೇರಿ ದೂರ ಓಡಿಸಿ ನೋಡಬೇಕು. ಅದಕ್ಕೆ ಲೋಡ್ ಟ್ರಯಲ್ ಎನ್ನುತ್ತೇವೆ. ಮೌಳಂಗಿಯ ಹೊಳೆದಂಡೆಯಿಂದ ಮರಳು ತುಂಬಿಕೊಂಡು ಬಾ ಎಂದು ಕಳಿಸಿದರೆ ಬಸ್ತ್ಯಾಂವ ಬಸ್ ನಿಲ್ದಾಣಕ್ಕೆ ಹೋಗಿ "ಉಳವಿ, ಉಳವಿ" ಎಂದು ಕೂಗಿದನಂತೆ. ಪುಕ್ಕಟೆ ಎಂದ ಮೇಲೆ ಕೇಳಬೇಕೇ, ಜೀಪು ತುಂಬಿತು. ಸಂಜೆ ಬಂದವನನ್ನು ಬೈದೆ. ಅವನು ಶಾಂತವಾಗಿ ಹೇಳಿದ: "ಮರಳು ನಾವ ಹೇರಬೇಕು, ನಾವ ಇಳಸಬೇಕು. ಮಂದಿ ತಾವ ಹತ್ತತಾರ, ತಾವ ಇಳೀತಾರ. ಲೋಡ್ ಎರಡೂ ಒಂದ." ಆ ಮಾತನ್ನು ಮುಂದೆ ನಾನು ಎಲ್ಲಿ ಬಳಸಿದೆ ಎಂಬುದೇ ಈ ಬರಹದ ಮುಖ್ಯ ವಿಷಯ.

ಹಳಿಯಾಳದಲ್ಲಿ ಶಿವಲಿಂಗಪ್ಪ ವಕೀಲರು ಎಂಬುವರಿದ್ದರು. ಕೋರ್ಟಿಗೆ ಹೋಗುವುದು ಬಿಟ್ಟಿದ್ದರು, ಆದರೆ ವಾದ ಬಿಟ್ಟಿರಲಿಲ್ಲ. ಅವರ ಹತ್ತಿರ ಒಂದು ಕರೀ ಲ್ಯಾಂಡ್‌ಮಾಸ್ಟರ್ ಇತ್ತು, ಒಳಗೆ ಕಂದು ಬಣ್ಣದ ಅಸಲಿ ತೊಗಲಿನ ಸೀಟು. ನಾನು ಎಷ್ಟೋ ಗಾಡಿ ನೋಡಿದ್ದೇನೆ, ಅಷ್ಟು ಆರೈಕೆ ಕಂಡ ಗಾಡಿ ನೋಡಿಲ್ಲ. ವಕೀಲರ ಹೆಗಲ ಮೇಲೆ ಸದಾ ಒಂದು ಹಳದಿ ಅರಿವೆ, ಒರೆಸುವ ಬಟ್ಟೆ. ನೊಣ ಕೂತರೆ ನೊಣವನ್ನು ಓಡಿಸಿ ಅದು ಕೂತ ಜಾಗವನ್ನು ಒರೆಸುವರು. ಗಾಡಿ ವರ್ಷದಲ್ಲಿ ಎಷ್ಟು ಓಡುತ್ತಿತ್ತು ಎಂದರೆ, ಶೆಡ್ಡಿನಿಂದ ಗೇಟಿನವರೆಗೆ. ಖಂಡೇಪೂಜೆಯ ದಿನ ನಿಂಬೆಹಣ್ಣು ಹಿಚುಕಿ, ಗೇಟು ಮುಟ್ಟಿ, ಹಿಂದಕ್ಕೆ ಬಂದು ನಿಲ್ಲುವುದು. ಆಮೇಲೆ ಬೇಸಿಗೆಯಲ್ಲಿ ಧೂಳು ಎಂದು ತೆಗೆಯುವಂತಿಲ್ಲ, ಮಾಗಿಯಲ್ಲಿ ಥಂಡಿಗೆ ರಬ್ಬರು ಸೀಳುತ್ತವೆ ಎಂದು ತೆಗೆಯುವಂತಿಲ್ಲ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹೊಸ ಕಾಲದ ಯಾವ ಆರೈಕೆ ಬಂದರೂ ಮೊದಲು ಅವರ ಮನೆಗೆ. ಹುಬ್ಬಳ್ಳಿಯಿಂದ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹೊದಿಕೆ ತಂದು ಹೊದಿಸಿದರು. ಅದರೊಳಗೆ ಗಾಡಿ ಬೆವರಿ ಬಂಪರಿನ ಮೇಲೆ ಚುಕ್ಕಿ ಎದ್ದವು. ಸೀಸ ಇಲ್ಲದ ಪೆಟ್ರೋಲ್ ಬಂದಾಗ ಎಂಜಿನ್ನಿನ ವಾಲ್ವ್ ಏನಾಗುತ್ತದೋ ಎಂದು ವಾರಗಟ್ಟಲೆ ಚಿಂತೆ ಮಾಡಿದರು. ಗೇಟಿನವರೆಗೆ ಹೋಗುವ ಗಾಡಿಯ ವಾಲ್ವಿಗೆ ಏನಾಗಬೇಕು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅರ್ಧ ದಿನ ವಾದ ಕೇಳಬೇಕಾಗುತ್ತಿತ್ತು.

ಅವರ ಹೆಂಡತಿ ನೀಲವ್ವ. ನಾನು ಅವ್ವಾರು ಎನ್ನುತ್ತಿದ್ದೆ. ಪ್ರತಿ ವರ್ಷ ನಾನು ಗಾಡಿ ಏರಿಸಿ ಕೈ ಒರೆಸಿಕೊಳ್ಳುವ ಹೊತ್ತಿಗೆ ಚಹಾ ಹಿಡಿದು ಬಾಗಿಲಿಗೆ ಬರುವರು.

"ಏರಸಿದ್ರೇನ್ರಿ ಮಿಸ್ತ್ರಿ?"

"ಹೂಂರಿ ಅವ್ವಾರ."

"ಹಂಗಾರ ಈ ಪಂಚಮಿಗೂ ಬಸ್ಸ."

ವರ್ಷ ವರ್ಷವೂ ಇದೇ ಮಾತು. ಧ್ವನಿಯಲ್ಲಿ ಸಿಟ್ಟು ಇರುತ್ತಿರಲಿಲ್ಲ. ಹೊರಗೆ ಮೋಡ ಆಗಿದೆ ಎನ್ನುವ ಹಾಗೆ ಹೇಳಿ, ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋಗುವರು. ಬಹಳ ವರ್ಷ ನನಗೆ ಅದರ ಅರ್ಥ ಆಗಿರಲಿಲ್ಲ. ಅರ್ಥ ಮಾಡಿಸಿದವರು ಅವರ ತಮ್ಮ, ಮುಂಡಗೋಡ ತಾಲೂಕಿನ ಇಂದೂರಿನ ಬಸನಗೌಡರು. ಅದೂ ನಾನು ಅವರನ್ನು ಬೈಯಲು ಬಾಯಿ ತೆರೆದಿದ್ದ ದಿನ.

ಬೈಯಲು ಕಾರಣವಿತ್ತು. ಬಸನಗೌಡರು ಒಂದು ಹಳೇ ಫಿಯಾಟ್ ಕೊಂಡಿದ್ದರು. ಮಳೆಗಾಲಕ್ಕೆ ಇಡುವುದು ಹೇಗೆಂದು ಅವರ ಭಾವ ವಕೀಲರು ಬೇಕಾದಷ್ಟು ಉಪದೇಶ ಮಾಡಿದ್ದರು. ಗೌಡರಿಗೆ ಆ ಸುಣ್ಣ, ಕೋಲು ಯಾವುದೂ ಹಿಡಿಸಲಿಲ್ಲ. ತಮ್ಮ ಮನೆಯಲ್ಲಿ ಬಿತ್ತನೆಯ ಭತ್ತ ಇಡುವ ಪದ್ಧತಿ ಇತ್ತಲ್ಲ, ಅದನ್ನೇ ಮಾಡಿದರು. ಗಾಡಿಯ ಸುತ್ತ ಹುಲ್ಲಿನ ಹೊರೆ ಒಟ್ಟಿ, ಒಳಗೆ ಸೀಟಿನ ಮಟ್ಟದವರೆಗೆ ಭತ್ತದ ಹೊಟ್ಟು ತುಂಬಿ, ಬಾಗಿಲ ಸಂದಿಗೆ ಸಗಣಿ ಮೆತ್ತಿದರು. ಥಂಡಿ ಒಳಗೆ ಹೋಗಬಾರದು ನೋಡಿ. ನವರಾತ್ರಿಗೆ ಕರೆ ಬಂತು. ನಾನು ಹೋಗಿ ಸಗಣಿ ಕೆತ್ತಿ ಬಾಗಿಲು ತೆಗೆದೆ. ಇಲಿಗಳ ಎರಡು ತಲೆಮಾರು ನನ್ನ ಕಾಲ ಮೇಲೆ ಹಾದು ಹೋದವು. ಹೊಟ್ಟನ್ನೆಲ್ಲ ಎಳೆದು ಹಾಕಿದರೆ ಹಿಂದಿನ ಸೀಟಿನ ಅಡಿಯಲ್ಲಿ, ನೀರು ಸೋರಿದ ಮೂಲೆಯಲ್ಲಿ, ಹೊಟ್ಟಿನೊಳಗೆ ಉಳಿದಿದ್ದ ಕಾಳುಗಳು ಮೊಳೆತು ಬಿಳಿಚಿದ ಸಸಿ ಎದ್ದಿದ್ದವು. ನಾನು ಬಾಯಿಗೆ ಬಂದದ್ದು ಅನ್ನಬೇಕು ಎಂದುಕೊಂಡೆ. ಅಷ್ಟರಲ್ಲಿ ಗೌಡರು ಬಗ್ಗಿ, ಒಂದು ಸಸಿ ಕಿತ್ತು, ಬೇರು ನೋಡಿ, "ಬೀಜ ಮಾತ್ರ ಚೊಲೋ ಐತಿ" ಎಂದರು. ಅಂಥವರನ್ನು ಬೈಯುವುದು ಹೇಗೆ?

ಆ ದಿನ ಊಟಕ್ಕೆ ಕೂಡಿಸಿಕೊಂಡು ಗೌಡರೇ ಮಾತು ತೆಗೆದರು. "ನಮ್ಮ ಭಾವನ ಕರೀ ಗಾಡಿ ನೀವ ನೋಡತೀರಲ್ಲ, ಅದು ನಮ್ಮಪ್ಪ ಅಕ್ಕಗ ಕೊಟ್ಟದ್ದು. ಲಗ್ನ ಮುಗಿದ ಮ್ಯಾಲ ಇದ ಅಂಗಳದಿಂದ ಅದರಾಗ ಹೋದ್ಲು. ನಮ್ಮಪ್ಪ ಗಾಡಿ ಬಾಗಲಾ ಹಾಕಿ ಹೇಳಿದ್ದ, 'ಇದರಾಗ ಹೊಂಟೀಯವ್ವಾ, ಪಂಚಮಿಗಿ ಇದರಾಗನ ಬಾ' ಅಂತ."

"ಬಂದಿದ್ರೇನ್ರಿ?"

"ಮೊದಲ್ನೇ ವರ್ಷ ಹೊಂಟಿದ್ರು. ಹಾದ್ಯಾಗ ಮಳಿ, ಕೆಸರು. ಎದುರಿಗಿ ಬಂದ ಚಕ್ಕಡಿ ಎತ್ತು ಕೊಂಬಿಲೆ ಬಾಗಲಕ ಒಂದು ಗೀರು ಎಳೀತು. ಭಾವ ಅಲ್ಲಿಂದಲೇ ಗಾಡಿ ತಿರುಗಿಸಿದ್ರು. ಅಕ್ಕ ಮರುದಿನ ಬಸ್ಸಿಗೆ ಬಂದ್ಲು. ಆವತ್ತಿನಿಂದ ಆ ಗಾಡಿ ಮಳಿ ಕಂಡಿಲ್ಲ, ಇಂದೂರೂ ಕಂಡಿಲ್ಲ."

ಆಗ ನನಗೆ ತಿಳಿಯಿತು. ನಮ್ಮ ಕಡೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ ನಾಗರಪಂಚಮಿ. ಅದು ಬರುವುದು ಶ್ರಾವಣದಲ್ಲಿ. ಗಾಡಿ ಏರುವುದು ರೋಹಿಣಿ ಮಳೆಗೆ, ಇಳಿಯುವುದು ನವರಾತ್ರಿಗೆ. ಖಾದರ್ ಉಸ್ತಾದರ ಶಾಸ್ತ್ರದಲ್ಲಿ ಶ್ರಾವಣಕ್ಕೆ ಜಾಗವೇ ಇಲ್ಲ. ವರ್ಷ ವರ್ಷವೂ ಅಪ್ಪ ಕೊಟ್ಟ ಗಾಡಿ ಸಾಗವಾನಿ ತುಂಡಿನ ಮೇಲೆ ಕೂತಿರುವಾಗ, ಮಗಳು ಪಂಚಮಿಗೆ ಕಟ್ಟಿದ ಸಿಹಿ ಉಂಡಿಗಳ ಡಬ್ಬಿ ಹಿಡಿದು ಹಳಿಯಾಳದ ಬಸ್ ನಿಲ್ದಾಣದಲ್ಲಿ ನಿಂತಿರುತ್ತಿದ್ದಳು. ನನಗೆ ಬಹಳ ಕೆಟ್ಟದೆನಿಸಿತು. ಅಂದಿನಿಂದ ಹಳೇ ಗಾಡಿಯ ಮಾಲೀಕರು ಬಂದರೆ ಬ್ಯಾಟರಿ ಕೇಳುವ ಮೊದಲು, ಮನೆಯಲ್ಲಿ ಪಂಚಮಿಗೆ ಹೋಗುವವರು ಯಾರಿದ್ದಾರೆ ಎಂದು ಕೇಳುವ ಚಾಳಿ ಹಿಡಿಯಿತು. ಈಗಿನ ಹುಡುಗರು ಇದನ್ನೂ ಫೋನಿನಲ್ಲಿ ಹಿಡಿದುಕೊಳ್ಳಬಹುದು.

ಅದರ ಮುಂದಿನ ನವರಾತ್ರಿಗೆ ವಕೀಲರ ಗಾಡಿ ಇಳಿಸಿದಾಗ ಅದು ಎಡಕ್ಕೆ ವಾಲಿ ನಿಂತಿತು. ಓಡದೆ ಓಡದೆ ಹಿಂದಿನ ಪಾಟಾ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದವು. ವಕೀಲರು ಗಾಡಿಯ ಸುತ್ತ ತಿರುಗಿದರು, ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಮುಖ ಸಣ್ಣದಾಯಿತು.

"ಎಣ್ಣಿ ಬಿಡು ಮಿಸ್ತ್ರಿ."

"ಬಿಟ್ಟೇನ್ರಿ ಸಾಹೇಬ್ರ. ಎಣ್ಣಿಗಿ ಬಿಡೂದಿಲ್ಲವು. ಹಿಂದಿನ ಸೀಟಿನ ಮ್ಯಾಲ ಎರಡು ಚೀಲ ಭತ್ತಾ ಹೇರಿ ದೂರ ಓಡಿಸಬೇಕು. ಲೋಡ್ ಬಿದ್ದು ಕುಣಿದಂಗ ಕುಣಿದಂಗ ಸಡಲ ಆಗತಾವು."

"ಭತ್ತಾ?" ಎಂದರು ವಕೀಲರು. "ಈ ಸೀಟಿನ ಮ್ಯಾಲ?"

ಆಮೇಲೆ ನಡೆದದ್ದು ಪೂರಾ ಒಂದು ಖಟ್ಲೆಯ ವಿಚಾರಣೆ. ಭತ್ತದ ಧೂಳು ತೊಗಲಿಗೆ ಆಗುವುದಿಲ್ಲ. ಕಾಳು ಉದುರಿದರೆ ಸಂದಿಗೆ ಸೇರುತ್ತದೆ, ಆ ವಾಸನೆಗೆ ಇಲಿ ಬರುತ್ತದೆ. ಇಂದೂರಿನ ಫಿಯಾಟಿನ ಗತಿ ಕಣ್ಣ ಮುಂದಿದೆ. ಮರಳು ಹಾಕಿದರೆ ಗೀರು ಬೀಳುತ್ತದೆ. ಕಲ್ಲು ಹಾಕಿದರೆ ತೊಗಲು ಹರಿಯುತ್ತದೆ. ನೀರಿನ ಕೊಡ ಇಟ್ಟರೆ ತುಳುಕುತ್ತದೆ. ಒಂದೊಂದಕ್ಕೂ ಆಕ್ಷೇಪಣೆ ಎತ್ತಿ, ತಾವೇ ವಾದಿಸಿ, ತಾವೇ ತೀರ್ಪು ಕೊಟ್ಟು ಸುಸ್ತಾಗಿ ಕಟ್ಟೆಯ ಮೇಲೆ ಕೂತರು. ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದ ಅವ್ವಾರು ಎಲ್ಲ ಕೇಳಿದ್ದರು.

"ನಾ ಕುಂದರ್ತೇನಲ್ರಿ" ಎಂದರು. "ನಾ ಏನ್ ಉದರೂದಿಲ್ಲ. ಇಲೀನೂ ಬರೂದಿಲ್ಲ."

ವಕೀಲರು ಹೆಂಡತಿಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಕೋರ್ಟಿನಲ್ಲಿ ಸಾಕ್ಷಿಯ ಬಾಯಿಂದ ಬೇಕಾದ ಮಾತು ಹೊರಡಿಸುವಾಗ ಹೀಗೆಯೇ ನೋಡುತ್ತಿದ್ದಿರಬೇಕು. ನನಗೆ ಬಸ್ತ್ಯಾಂವ ನೆನಪಾದ.

"ಲೋಡ್ ಅಂದ್ರ ಲೋಡ್ ರೀ ಸಾಹೇಬ್ರ. ಭತ್ತಾ ಆದ್ರೂ ಅಷ್ಟ, ಮನಿಶ್ಯಾರಾದ್ರೂ ಅಷ್ಟ. ಆದ್ರ ಅವ್ವಾರು ಒಬ್ರ ಒಂದ್ ಕಡಿ ಕುಂತ್ರ ಗಾಡಿ ಮತ್ತಿಷ್ಟು ವಾಲತೈತಿ. ಇನ್ನೊಂದ್ ಕಡಿಗೆ ಅಷ್ಟ ಭಾರ ಬೇಕು."

"ಅಂದ್ರ?"

"ನೀವ್ ಕುಂದರಬೇಕಾಗತೈತ್ರಿ."

ಇದು ಶುದ್ಧ ತಾಂತ್ರಿಕ ಸಲಹೆ ಎಂದು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಯಾವ ದಾರಿ ಎಂಬ ಪ್ರಶ್ನೆ ಬಂತು. ವಕೀಲರು ದಾಂಡೇಲಿಗೆ ಹೋಗಿ ಬರೋಣ ಎಂದರು. ಅದು ಸಾಲದು, ಏರು ಇಳಿವು ಎರಡೂ ಇರುವ ಉದ್ದ ದಾರಿ ಬೇಕು ಎಂದೆ. "ಕಲಘಟಗಿ, ತಡಸದ ಮ್ಯಾಲ ಇಂದೂರ ರೋಡ್ ಉದ್ದ ಐತಲ್ಲ" ಎಂದು ಅವ್ವಾರು ಕಪ್ಪು ಎತ್ತಿಕೊಂಡು ಒಳಗೆ ಹೋದರು. ಉತ್ತರಕ್ಕೆ ಅವರು ಕಾಯಲೂ ಇಲ್ಲ.

ಎರಡು ದಿನ ಬಿಟ್ಟು ಹೊರಟೆವು. ನಾನು ಮುಂದೆ, ಅವರಿಬ್ಬರೂ ಹಿಂದೆ. ಮದುವೆಯಾದ ಮೇಲೆ ಆ ಸೀಟಿನಲ್ಲಿ ಇಬ್ಬರೂ ಜೊತೆಯಾಗಿ ಕೂತದ್ದು ಬೆರಳೆಣಿಕೆಯ ಸಲವಷ್ಟೇ ಇರಬೇಕು. ವಕೀಲರ ಕೈಯಲ್ಲಿ ಹಳದಿ ಅರಿವೆ, ಅವ್ವಾರ ತೊಡೆಯ ಮೇಲೆ ಸ್ಟೀಲಿನ ಡಬ್ಬಿ. ಏನದು ಎಂದು ವಕೀಲರು ಕೇಳಿದರು. ಉಂಡಿ ಎಂದರು ಅವ್ವಾರು. ಬೆಲ್ಲದ ಉಂಡಿ ಸೀಟಿಗೆ ಅಂಟಿದರೆ ಹೋಗುವುದಿಲ್ಲ ಎಂದರು ವಕೀಲರು. "ಡಬ್ಬಿ ಬಾಯಿ ಗಟ್ಟಿ ಐತ್ರಿ" ಎಂದು ಅವ್ವಾರು ಕಿಟಕಿಯ ಕಡೆ ಮುಖ ತಿರುಗಿಸಿದರು. ದಾರಿಯುದ್ದಕ್ಕೂ ವಕೀಲರ ಬಾಯಿಂದ ನಾನು ಕೇಳಿದ್ದು ಒಂದೇ ಮಾತು: "ಸಾವಕಾಶ ಮಿಸ್ತ್ರಿ, ತಗ್ಗೈತಿ." ತಗ್ಗು ಬರುವ ಮೊದಲು ಒಮ್ಮೆ, ಬಂದಾಗ ಒಮ್ಮೆ, ದಾಟಿದ ಮೇಲೆ ಒಮ್ಮೆ. ಎದುರಿಗೆ ಚಕ್ಕಡಿ ಬಂದರೆ ಗಾಡಿ ನಿಲ್ಲಿಸಲು ಹೇಳಿ, ಎತ್ತುಗಳ ಕೊಂಬು ದಾಟಿ ಹೋಗುವವರೆಗೆ ಉಸಿರು ಹಿಡಿದು ಕೂತಿರುತ್ತಿದ್ದರು. ತಡಸ ದಾಟುವ ಹೊತ್ತಿಗೆ ಹಿಂದಿನ ಪಾಟಾ ಕಿರ್ರ್ ಎನ್ನುವುದು ಕಡಿಮೆಯಾಗಿತ್ತು.

ಇಂದೂರಿನ ಮನೆಯ ಮುಂದೆ ಗಾಡಿ ನಿಂತರೂ ಅವ್ವಾರು ಇಳಿಯಲಿಲ್ಲ. ಒಳಗಿನಿಂದ ಬಸನಗೌಡರು ಬಂದರು, ಗಾಡಿ ನೋಡಿ ಅಲ್ಲಿಯೇ ನಿಂತರು, ಆಮೇಲೆ ಹತ್ತಿರ ಬಂದು ತಾವೇ ಬಾಗಿಲು ತೆಗೆದರು. ಡಬ್ಬಿ ನೋಡಿ ನಕ್ಕು, "ಅಕ್ಕಾ, ಪಂಚಮಿ ಮುಗಿದು ಎಷ್ಟ್ ದಿನಾ ಆತು. ಈಗ ಉಂಡಿ ತಂದೀಯಲ್ಲ" ಎಂದರು.

"ನನ್ನ ಗಾಡಿ ಇವತ್ತು ಬಂತಪಾ" ಎಂದರು ಅವ್ವಾರು.

ಗೌಡರ ನಗು ಅಲ್ಲಿಗೇ ನಿಂತಿತು. ನಾನು ಬಾನೆಟ್ಟು ಎತ್ತಿ, ನೋಡಲು ಏನೂ ಇಲ್ಲದಿದ್ದರೂ ಬಹಳ ಹೊತ್ತು ಎಂಜಿನ್ನು ನೋಡುತ್ತ ನಿಂತೆ. ವಕೀಲರು ಮಾತ್ರ ಊರ ಮಕ್ಕಳ ಬೆರಳಿನ ಗುರುತು ಒರೆಸುವುದರಲ್ಲಿ ಇದ್ದರು. ಊಟಕ್ಕೂ ಗಾಡಿ ಕಾಣುವ ಜಾಗ ಹುಡುಕಿ ಕೂತರು. ಮರಳಿ ಹಳಿಯಾಳಕ್ಕೆ ಬಂದು ಇಳಿದವರು ಗಾಡಿಯ ಹಿಂಭಾಗವನ್ನು ಒತ್ತಿ ನೋಡಿ, "ಪಾಟಾ ಪೂರಾ ಬಿಟ್ಟಾವೇನು?" ಎಂದು ಕೇಳಿದರು.

"ಅರ್ಧಾ ಬಿಟ್ಟಾವ್ರಿ."

"ಹಂಗಾರ ಇನ್ನೊಮ್ಮೆ ಹೋಗಬೇಕಾಗತೈತಿ." ಹೆಂಡತಿಗೆ 'ನಡಿ' ಎನ್ನುವ ಬದಲು ತಾವೇ ಡಬ್ಬಿ ಎತ್ತಿಕೊಂಡರು. "ಆದ್ರ ಮಾಗಿ ಮುಗೀಲಿ. ಥಂಡಿಗಿ ರಬ್ಬರ್ ಸೀಳತಾವು."

ಮಾಗಿ ಮುಗಿಯಿತು. ಶಿವರಾತ್ರಿ ಕಳೆದ ವಾರದಲ್ಲಿ ವಕೀಲರು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾನು ಹೋದಾಗ ಅವರ ಹಳದಿ ಅರಿವೆ ಗಾಡಿಯ ಕನ್ನಡಿಗೆ ನೇತು ಬಿದ್ದಿತ್ತು. ಎಷ್ಟು ಹಾಸ್ಯ ಮಾಡಿದರೂ ನನಗೆ ಆ ಮನುಷ್ಯರ ಮೇಲೆ ಪ್ರೀತಿ ಇತ್ತು. ಗಾಡಿಯನ್ನು ಅಷ್ಟು ಹಚ್ಚಿಕೊಂಡ ಮಾಲೀಕರು ಮಿಸ್ತ್ರಿಗೆ ಜನ್ಮದಲ್ಲಿ ಒಬ್ಬರು ಸಿಗುತ್ತಾರೆ. ಅಂದು ನಾನು ಅತ್ತುಬಿಟ್ಟೆ.

ರೋಹಿಣಿ ಮಳೆಯ ಮೋಡ ಬಂದಾಗ ಪದ್ಧತಿಯಂತೆ ಜಾಕ್ ಹಿಡಿದು ಹೋದೆ. ಅವ್ವಾರು ಚಹಾ ಕೊಟ್ಟರು. ಆದರೆ ಏರಸಿದ್ರೇನು ಎಂದು ಕೇಳಲಿಲ್ಲ.

"ಏರಸಬ್ಯಾಡ್ರಿ ಮಿಸ್ತ್ರಿ. ಪಂಚಮಿ ಮುಗೀಲಿ."

"ಮಳ್ಯಾಗ ತಗದ್ರ ತುಕ್ಕು ಹಿಡೀತೈತ್ರಿ ಅವ್ವಾರ."

"ಹಿಡೀಲಿ. ಒಳಗ ಕುಂತ ನಾವೇನ್ ಕಮ್ಮಿ ಹಿಡದೇವೇನು?"

ಖಾದರ್ ಉಸ್ತಾದರು ಇದ್ದಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದರು. ನಾನು ಜಾಕ್ ಚೀಲಕ್ಕೆ ಹಾಕಿದೆ.

ಪಂಚಮಿಯ ಹಿಂದಿನ ದಿನ ಮಳೆ ಬಿಡದೆ ಹೊಯ್ಯುತ್ತಿತ್ತು. ಗಂಡ ಹೋಗಿ ವರ್ಷ ತುಂಬುವ ಮೊದಲೇ ಹಬ್ಬಕ್ಕೆ ಹೊರಟಳು ಎಂದು ಓಣಿಯ ಕೆಲವರು ಮೂಗು ಮುರಿದರು. ಅವ್ವಾರು ಕೇಳಿಸಿಕೊಳ್ಳಲಿಲ್ಲ. ಡಬ್ಬಿ ಹಿಡಿದು ತಮ್ಮ ಜಾಗದಲ್ಲಿ, ನನ್ನ ಹಿಂದೆ ಬಲಗಡೆ ಕೂತರು. ಗಾಡಿ ಚಾಲೂ ಮಾಡಿದೆ. ಗೇಟಿನವರೆಗೂ ಹೋಗಿರಲಿಲ್ಲ, ಹಿಂದಿನಿಂದ ಮಾತು ಬಂತು.

"ಗಾಡಿ ಒಂದ್ ಕಡಿ ವಾಲತೈತಲ್ರಿ ಮಿಸ್ತ್ರಿ."

ವಾಲುವಷ್ಟು ಭಾರ ಅವರಲ್ಲಿ ಇರಲಿಲ್ಲ. ಆದರೂ "ಹೌದ್ರಿ" ಎಂದೆ.

"ಕೋಣ್ಯಾಗ ಭತ್ತದ ಚೀಲ ಅದಾವು. ಒಂದು ತಂದು ಈ ಕಡಿಗೆ ಇಡ್ರಿ."

ನಾನು ಒಳಗೆ ಹೋಗಿ ಒಂದು ಚೀಲ ಹೊತ್ತು ತಂದೆ. ತರುವಷ್ಟರಲ್ಲಿ ಅವರು ಕನ್ನಡಿಗೆ ನೇತು ಬಿದ್ದಿದ್ದ ಹಳದಿ ಅರಿವೆ ತೆಗೆದು, ಎಡಗಡೆಯ ಸೀಟಿನ ಮೇಲೆ ಸುಕ್ಕಿಲ್ಲದಂತೆ ಹಾಸಿದ್ದರು. "ಸೀಟಿಗೆ ಧೂಳು ಆಗಬಾರದ್ರಿ. ಅವರಿಗೆ ಸೇರೂದಿಲ್ಲ" ಎಂದರು. ಚೀಲವನ್ನು ನೆಟ್ಟಗೆ ಕೂರಿಸಿದೆ. ಅವ್ವಾರು ಅದರ ಮೇಲೆ ಒಂದು ಕೈ ಇಟ್ಟರು.

ಕಲಘಟಗಿಯ ದಾರಿಯಲ್ಲಿ ಬಾಗಿಲ ರಬ್ಬರಿನ ಸಂದಿಯಿಂದ ನೀರು ಒಳಗೆ ಇಳಿಯತೊಡಗಿತು. ಅಷ್ಟು ವರ್ಷ ಮಳೆ ಕಾಣದ ಗಾಡಿ ಕಾಣಬೇಕಾದದ್ದನ್ನೆಲ್ಲ ಅಂದೇ ಕಂಡಿತು. ಬಸ್ತ್ಯಾಂವನ ಜೀಪಿನಂತೆ ಅಡಿಯಲ್ಲಿ ಒಂದು ತೂತಿದ್ದರೆ ಅನುಕೂಲವಿತ್ತು ಎಂದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಅವ್ವಾರು ಸೆರಗಿನ ತುದಿಯಿಂದ ಸೀಟಿನ ಮೇಲಿನ ಹನಿ ಒರೆಸುತ್ತಿದ್ದರು, ಇನ್ನೊಂದು ಕೈ ಚೀಲದ ಮೇಲೆಯೇ ಇತ್ತು. ತಡಸ ದಾಟಿ ರಸ್ತೆ ಒಳ್ಳೆಯದಿತ್ತು, ನಾನು ಸ್ವಲ್ಪ ವೇಗ ಹೆಚ್ಚಿಸಿದೆ.

"ಸಾವಕಾಶ ಮಿಸ್ತ್ರಿ" ಎಂದರು ಹಿಂದಿನಿಂದ. "ತಗ್ಗೈತಿ."

ಅಲ್ಲಿ ತಗ್ಗು ಇರಲಿಲ್ಲ. ನಾನು ಇಂದೂರಿನವರೆಗೂ ಸಾವಕಾಶವಾಗಿಯೇ ಹೋದೆ.